ಹಿತ್ತಲ ಕುಸ್ತಿಗೆ ಅಂಟಿದ ಕೆಟ್ಟ ಹೆಸರು

1990ರ ದಶಕದ ಕೊನೆಯಲ್ಲಿ ಅಮೆರಿಕದ ಊರೂರುಗಳ ಹುಡುಗರಿಗೆ ಹೊಸದೊಂದು ಹುಚ್ಚು ಹತ್ತಿತು. ರಜೆ ಬಂತೆಂದರೆ ಸಾಕು, ಹೈಸ್ಕೂಲು ಓದುವ ಹತ್ತು ಹನ್ನೆರಡು ಮಂದಿ ಯಾರಾದರೊಬ್ಬನ ಮನೆಯ ಹಿತ್ತಲಿನಲ್ಲಿ ಸೇರುತ್ತಿದ್ದರು. ಹಳೆಯ ಹಾಸಿಗೆಗಳನ್ನು ಹಾಸಿ, ನಾಲ್ಕು ಮೂಲೆಗೆ ಕಂಬ ನೆಟ್ಟು, ಹಗ್ಗ ಬಿಗಿದರೆ ಅದೇ ಕುಸ್ತಿಯ ಅಖಾಡ. ರಟ್ಟು ಕತ್ತರಿಸಿ ಬಣ್ಣ ಬಳಿದರೆ ಅದೇ ಚಾಂಪಿಯನ್ನನ ಬೆಲ್ಟು. ಒಬ್ಬ ರೆಫರಿ, ಒಬ್ಬ ಕಾಮೆಂಟರಿ ಹೇಳುವವನು, ಮತ್ತೊಬ್ಬನ ಕೈಯಲ್ಲಿ ಅಪ್ಪನ ವೀಡಿಯೊ ಕ್ಯಾಮೆರಾ. ಟೀವಿಯಲ್ಲಿ ಕಂಡ ಡಬ್ಲ್ಯುಡಬ್ಲ್ಯುಎಫ್ ಮಲ್ಲರ ವೇಷ, ಮಾತು, ಪಟ್ಟುಗಳನ್ನು ಅನುಕರಿಸುವ ಈ ಆಟಕ್ಕೆ ‘ಬ್ಯಾಕ್‌ಯಾರ್ಡ್ ರೆಸ್ಲಿಂಗ್’ ಎಂಬ ಹೆಸರು ಬಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಹಿತ್ತಲ ಕುಸ್ತಿ.

ಈ ಹುಡುಗರ ಮೇಲೆ ಟೀವಿ ಸುದ್ದಿಗಾರರ ಕಣ್ಣು ಬೀಳಲು ತಡವಾಗಲಿಲ್ಲ. ಆದರೆ ತೆರೆಯ ಮೇಲೆ ಬಂದದ್ದು ಹಾಸಿಗೆಯೂ ಅಲ್ಲ, ರಟ್ಟಿನ ಬೆಲ್ಟೂ ಅಲ್ಲ. ಮಾಡಿನಿಂದ ಮೇಜಿನ ಮೇಲೆ ಜಿಗಿಯುವ ಹುಡುಗ, ಹಣೆಯಿಂದ ಸುರಿಯುವ ರಕ್ತ, ಮುಳ್ಳುತಂತಿ ಸುತ್ತಿದ ದೊಣ್ಣೆ, ಒಡೆದ ಟ್ಯೂಬ್‌ಲೈಟು. ನೋಡಿದ ತಾಯಿ ತಂದೆಯರು ಹೌಹಾರಿದರು. ಹಿತ್ತಲ ಕುಸ್ತಿ ಎಂದರೆ ರಕ್ತಪಾತ ಎಂಬ ತೀರ್ಪು ವಿಚಾರಣೆಯಿಲ್ಲದೆಯೇ ಹೊರಬಿತ್ತು.

ಅದು ನ್ಯಾಯವಾದ ತೀರ್ಪೇ? ಇಂದಿಗೂ ಕೇಳಬೇಕಾದ ಪ್ರಶ್ನೆ ಇದು. ಏಕೆಂದರೆ ಕ್ಯಾಮೆರಾ ಈಗ ಪ್ರತಿಯೊಬ್ಬ ಹುಡುಗನ ಜೇಬಿನಲ್ಲೂ ಇದೆ. ಟೀವಿ ಕುಸ್ತಿ ನಮ್ಮ ಮನೆಗಳಿಗೂ ಹೊಸದಲ್ಲ. ಕೇಬಲ್ ಬಂದ ದಿನಗಳಲ್ಲಿ ಹಲ್ಕ್ ಹೋಗನ್, ಅಂಡರ್‌ಟೇಕರ್ ಚಿತ್ರಗಳಿದ್ದ ಟ್ರಂಪ್ ಕಾರ್ಡುಗಳನ್ನು ಶಾಲೆಯ ಚೀಲದಲ್ಲಿ ಬಚ್ಚಿಟ್ಟುಕೊಂಡಿದ್ದ ಹುಡುಗರು ಇಂದು ತಾವೇ ಪಾಲಕರಾಗಿದ್ದಾರೆ.

ನಾಟಕವೂ ಹೌದು, ನೋವೂ ಹೌದು

ಮೊದಲು ಟೀವಿ ಕುಸ್ತಿ ಎಂದರೇನೆಂದು ತಿಳಿಯಬೇಕು. ಅಲ್ಲಿ ಗೆಲ್ಲುವವರು ಯಾರು, ಸೋಲುವವರು ಯಾರು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಬಯಲಾಟದ ಭೀಮ ದುಶ್ಯಾಸನರಂತೆ ಇಬ್ಬರೂ ಸೇರಿ ಒಂದು ಕತೆ ಹೇಳುತ್ತಾರೆ. ಹಾಗೆಂದು ಅಲ್ಲಿ ಬೀಳುವುದು ಸುಳ್ಳಲ್ಲ. ರಿಂಗಿನ ಬಟ್ಟೆಯ ಕೆಳಗೆ ತೆಳುವಾದ ಹಾಸು, ಅದರ ಕೆಳಗೆ ಹಲಗೆ, ಹಲಗೆಯ ಕೆಳಗೆ ಉಕ್ಕಿನ ತೊಲೆ. ಅದರ ಮೇಲೆ ಬಿದ್ದರೆ ಯಾರಿಗಾದರೂ ನೋವೇ.

ಆದ್ದರಿಂದಲೇ ಕುಸ್ತಿ ಶಾಲೆಗಳಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ತಲೆ ನೆಲಕ್ಕೆ ಬಡಿಯಬಾರದು, ಬೆನ್ನಿನ ಮೇಲ್ಭಾಗ ಅಗಲವಾಗಿ ನೆಲಕ್ಕೆ ತಾಗಬೇಕು, ಅದೇ ಕ್ಷಣಕ್ಕೆ ಎರಡು ಕೈಗಳೂ ನೆಲವನ್ನು ಬಡಿಯಬೇಕು. ಆಗ ಪೆಟ್ಟು ಒಂದೇ ಕಡೆ ನಾಟದೆ ಮೈಯೆಲ್ಲ ಹಂಚಿಹೋಗುತ್ತದೆ. ಎರಡನೆಯ ಪಾಠ ಇದಕ್ಕಿಂತ ದೊಡ್ಡದು. ಎತ್ತಿ ಹಾಕುವವನಿಗೆ ಕೆಳಗೆ ಬೀಳುವವನ ಮೈ ಒಪ್ಪಿಸಿದ ಒಡವೆಯಿದ್ದಂತೆ. ಅದನ್ನು ಹಾಗೆಯೇ ಹಿಂದಿರುಗಿಸುವುದು ಅವನ ಹೊಣೆ. ಎದುರಾಳಿಗೆ ನಿಜವಾಗಿ ಪೆಟ್ಟು ಮಾಡಿದವನು ಆ ವೃತ್ತಿಯಲ್ಲಿ ಶೂರನೆನಿಸಿಕೊಳ್ಳುವುದಿಲ್ಲ, ಕೈ ಪಳಗದವನೆನಿಸಿಕೊಳ್ಳುತ್ತಾನೆ.

ಹಿತ್ತಲ ಕುಸ್ತಿಯಲ್ಲಿ ಜವಾಬ್ದಾರಿಯಿಂದ ಆಡುವ ಹುಡುಗರು ಮಾಡುವುದೂ ಇದನ್ನೇ. ಯಾವ ಪಟ್ಟಿನ ನಂತರ ಯಾವುದು ಎಂದು ಮೊದಲೇ ಮಾತಾಡಿಕೊಳ್ಳುತ್ತಾರೆ, ಮೆಲ್ಲಗೆ ಅಭ್ಯಾಸ ಮಾಡುತ್ತಾರೆ, ಕತ್ತಿನ ಮೇಲೆ ಭಾರ ಬೀಳುವ ಪಟ್ಟುಗಳನ್ನು ಕೈಬಿಡುತ್ತಾರೆ. ಒಬ್ಬ ‘ಸಾಕು’ ಎಂದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಕತೆ ಬರೆಯುವುದು, ವೇಷ ಹೊಲಿಯುವುದು, ಚಿತ್ರೀಕರಿಸುವುದು, ಕೂಡಿಸಿ ಕತ್ತರಿಸುವುದು ಇವೆಲ್ಲ ಸೇರಿದರೆ ಅದು ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಹತ್ತಿರದ ನೆಂಟ.

ಕ್ಯಾಮೆರಾ ಹುಡುಕಿದ್ದು ರಕ್ತ

ಸುರಕ್ಷಿತವಾಗಿ ಬಿದ್ದು ಎದ್ದ ಹುಡುಗ ಸುದ್ದಿಯಾಗುವುದಿಲ್ಲ, ಹಲ್ಲು ಮುರಿದುಕೊಂಡವನು ಆಗುತ್ತಾನೆ. ಕಷ್ಟ ಇರುವುದು ಇಲ್ಲಿಯೇ. 2000ದ ಆಸುಪಾಸಿನಲ್ಲಿ ಅಮೆರಿಕದ ವ್ಯಾಪಾರಿಗಳು ಹಿತ್ತಲ ಕುಸ್ತಿಯ ಅತಿ ಭಯಾನಕ ತುಣುಕುಗಳನ್ನೇ ಆಯ್ದು ಕ್ಯಾಸೆಟ್ ಮಾಡಿ ಮಾರಿದರು. 2003ರಲ್ಲಿ ಅದೇ ಹೆಸರಿನಲ್ಲಿ ವೀಡಿಯೊ ಗೇಮ್ ಕೂಡ ಬಂತು. ಸುದ್ದಿಯವರು ತೋರಿಸಿದ್ದು, ವ್ಯಾಪಾರಿಗಳು ಮಾರಿದ್ದು ಒಂದೇ ಸರಕು. ಒಬ್ಬರು ಛೀ ಎಂದು ತೋರಿಸಿದರು, ಇನ್ನೊಬ್ಬರು ಭಲೆ ಎಂದು ತೋರಿಸಿದರು.

ಇದರ ಪರಿಣಾಮ ಏನಾಯಿತು? ಎಚ್ಚರದಿಂದ ಆಡುವ ಹುಡುಗರನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಟೀವಿಯಲ್ಲಿ ಮುಖ ಕಾಣಬೇಕಾದರೆ ಮಾಡು ಹತ್ತಬೇಕು, ರಕ್ತ ಸುರಿಸಬೇಕು ಎಂಬ ಪಾಠವನ್ನು ಹದಿನೈದರ ಹುಡುಗರು ಬೇಗ ಕಲಿತರು. ಬೈದವರೇ ಬೆಂಕಿಗೆ ತುಪ್ಪ ಸುರಿದಂತಾಯಿತು.

2002ರಲ್ಲಿ ತೆರೆಕಂಡ ಪಾಲ್ ಹೌ ಅವರ ‘ದಿ ಬ್ಯಾಕ್‌ಯಾರ್ಡ್’ ಎಂಬ ಸಾಕ್ಷ್ಯಚಿತ್ರದಲ್ಲಿ ಮುಳ್ಳುತಂತಿ, ಬೆಂಕಿಗಳ ಭೀಕರ ದೃಶ್ಯಗಳು ಬೇಕಾದಷ್ಟಿವೆ. ಆದರೆ ಅದು ಹುಡುಗರ ಬಾಯಿಂದಲೇ ಅವರ ಕನಸನ್ನು ಕೇಳಿತು, ಮನೆಯವರನ್ನೂ ಮಾತಾಡಿಸಿತು. ವೃತ್ತಿ ಕುಸ್ತಿಗೆ ಸೇರಲು ಹಂಬಲಿಸಿ ಆಯ್ಕೆಗೆ ಹೋಗುವ ಹುಡುಗನೂ ಅದರಲ್ಲಿದ್ದಾನೆ. ಹಾಗೆ ನಿಂತು ಕೇಳುವ ತಾಳ್ಮೆ ದಿನದ ಸುದ್ದಿಗೆ ಇರಲಿಲ್ಲ.

ಕೊಲೆಯ ಆರೋಪವೂ ಬಂತು

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. 1999ರಲ್ಲಿ ಫ್ಲಾರಿಡಾದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನ ಕೈಯಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಸತ್ತಳು. ಟೀವಿ ಕುಸ್ತಿಯನ್ನು ಅನುಕರಿಸಲು ಹೋಗಿ ಹೀಗಾಯಿತೆಂದು ಅವನ ಪರ ವಕೀಲರು ವಾದಿಸಿದರು. ಮಗುವಿನ ಮೈಮೇಲಿನ ಗಾಯಗಳು ಆಟದಿಂದ ಆಗುವಂಥವಲ್ಲ ಎಂದು ವೈದ್ಯರು ಸಾಕ್ಷಿ ನುಡಿದರು. 2001ರಲ್ಲಿ ಜ್ಯೂರಿ ಕುಸ್ತಿಯ ವಾದವನ್ನು ತಳ್ಳಿಹಾಕಿತು. ಆದರೆ ‘ಕುಸ್ತಿಯಿಂದ ಸಾವು’ ಎಂಬ ತಲೆಬರಹ ಅಷ್ಟರಲ್ಲಿ ಲೋಕವನ್ನೆಲ್ಲ ಸುತ್ತಿ ಬಂದಿತ್ತು.

ಅದೇ ಕಾಲದಲ್ಲಿ ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್ ಎಂಬ ಅಮೆರಿಕದ ಸಂಘಟನೆಯೊಂದು, ನಾಲ್ಕು ಮಕ್ಕಳ ಸಾವಿಗೆ ಡಬ್ಲ್ಯುಡಬ್ಲ್ಯುಎಫ್ ಕಾರ್ಯಕ್ರಮಗಳೇ ಕಾರಣ ಎಂದು ಪ್ರಚಾರ ಮಾಡಿ, ಜಾಹೀರಾತುದಾರರ ಮೇಲೆ ಒತ್ತಡ ತಂದಿತು. ಕುಸ್ತಿ ಕಂಪನಿ ಕೋರ್ಟಿಗೆ ಹೋಯಿತು. 2002ರಲ್ಲಿ ಆ ಸಂಘಟನೆ 35 ಲಕ್ಷ ಡಾಲರ್ ತೆತ್ತು, ತಾನು ಹೇಳಿದ್ದು ತಪ್ಪೆಂದು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ದೂರಿಗೆ ಸಿಕ್ಕ ಪ್ರಚಾರ ಕ್ಷಮಾಪಣೆಗೆ ಸಿಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮಲ್ಲೂ ಅದೇ ದಿನಗಳಲ್ಲಿ ‘ಶಕ್ತಿಮಾನ್’ ಧಾರಾವಾಹಿಯ ಬಗ್ಗೆ ಇಂಥದೇ ಗುಲ್ಲೆದ್ದದ್ದು ಹಿರಿಯರಿಗೆ ನೆನಪಿರಬಹುದು. ಕಾಪಾಡಲು ಶಕ್ತಿಮಾನ್ ಬರುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಇಳಿದರೆಂಬ ಸುದ್ದಿಗಳು ಬಂದವು. ನಟ ಮುಖೇಶ್ ಖನ್ನಾ ಅವರೇ ತೆರೆಯ ಮೇಲೆ ಬಂದು ಮಕ್ಕಳಿಗೆ ಬುದ್ಧಿ ಹೇಳಿದರು. ದುರಂತ ನಡೆದಾಗ ಯಾರ ಮೇಲಾದರೂ ಬೆರಳು ತೋರಿಸುವುದು ಸುಲಭ. ಆ ಹೊತ್ತಿನಲ್ಲಿ ಮಗುವಿನ ಜತೆ ಯಾರಿದ್ದರು ಎಂದು ಕೇಳುವುದು ಕಷ್ಟ.

ಹಿತ್ತಲ ಗಿಡಗಳು

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆದರೆ ಈ ಹಿತ್ತಲುಗಳಲ್ಲಿ ಬೆಳೆದವರು ಮುಂದೆ ಹೆಸರು ಮಾಡಿದ್ದಾರೆ. ನಾರ್ತ್ ಕೆರೊಲಿನಾದ ಕ್ಯಾಮೆರಾನ್ ಎಂಬ ಪುಟ್ಟ ಊರಿನ ಮ್ಯಾಟ್ ಮತ್ತು ಜೆಫ್ ಹಾರ್ಡಿ ಸೋದರರು ಮನೆಯಂಗಳದ ಟ್ರ್ಯಾಂಪೊಲಿನ್ ಮೇಲೆ ಕುಣಿದು ಕಲಿತವರು. 1999ರಲ್ಲಿ ಅವರು ಡಬ್ಲ್ಯುಡಬ್ಲ್ಯುಎಫ್‌ನ ಜೋಡಿ ಚಾಂಪಿಯನ್ನರಾದರು. ಕ್ಯಾಲಿಫೋರ್ನಿಯಾದ ಮ್ಯಾಟ್ ಮತ್ತು ನಿಕ್ ಜಾಕ್ಸನ್ ಸೋದರರು ಹಿತ್ತಲಿನಲ್ಲೇ ರಿಂಗ್ ಇಟ್ಟುಕೊಂಡು ಬೆಳೆದವರು. 2019ರಲ್ಲಿ ಎಇಡಬ್ಲ್ಯು ಎಂಬ ಹೊಸ ಕುಸ್ತಿ ಕಂಪನಿ ಹುಟ್ಟಿದಾಗ ಅದರ ಮುಂದಾಳುಗಳಲ್ಲಿ ಅವರೂ ಇದ್ದರು.

ಮಿಕ್ ಫೋಲಿಯ ಕತೆಯನ್ನಂತೂ ಹಿತ್ತಲ ಹುಡುಗರೆಲ್ಲ ಬಾಯಿಪಾಠ ಮಾಡಿದ್ದರು. ಕಾಲೇಜು ದಿನಗಳಲ್ಲಿ ಗೆಳೆಯರೊಡನೆ ಮನೆಯಲ್ಲೇ ತೆಗೆದ ಚಿತ್ರಕ್ಕಾಗಿ ಅವನು ಮಾಡಿನಿಂದ ಜಿಗಿದಿದ್ದ. ಹುಡುಗರು ನೆನಪಿಟ್ಟದ್ದು ಆ ಜಿಗಿತವನ್ನು. ಪತ್ರಿಕೆಗಳು ಬರೆದದ್ದೂ ಅದನ್ನೇ. ಮುಂದಿನ ಭಾಗ ಯಾರಿಗೂ ಬೇಡವಾಯಿತು. ಫೋಲಿ ಅದಾದ ಮೇಲೆ ಪೆನ್ಸಿಲ್ವೇನಿಯಾದಲ್ಲಿ ಡಾಮಿನಿಕ್ ಡಿನೂಚಿ ಎಂಬ ಹಳೆಯ ಮಲ್ಲನ ಬಳಿ ಶಿಷ್ಯನಾಗಿ ಸೇರಿದ. ವಾರದಲ್ಲಿ ಕಾಲೇಜು, ವಾರದ ಕೊನೆಗೆ ನೂರಾರು ಮೈಲಿ ಕಾರು ಓಡಿಸಿ ತಾಲೀಮು. ರಾತ್ರಿ ಮಲಗಲು ಅದೇ ಕಾರು. ಹಾಗೆಯೇ ಪದವಿಯನ್ನೂ ಮುಗಿಸಿದ. ಅವನನ್ನು ಮಲ್ಲನನ್ನಾಗಿ ಮಾಡಿದ್ದು ಮಾಡಲ್ಲ, ಗುರುವಿನ ಮನೆ. 2001ರಲ್ಲಿ ಬಂದ ತನ್ನ ಎರಡನೆಯ ಆತ್ಮಕಥೆಯಲ್ಲಿ ಅವನು ಕುಸ್ತಿಯ ಮೇಲಿನ ಆರೋಪಗಳಿಗೆ ಒಂದೊಂದಾಗಿ ಉತ್ತರ ಕೊಟ್ಟ.

ಅಪಾಯವೇ ಇಲ್ಲವೇ?

ಇದೆ. ಅದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ಮಕ್ಕಳಿಗೆ ದ್ರೋಹ. ವರ್ಷಗಟ್ಟಲೆ ತಾಲೀಮು ಮಾಡಿದವರಿಗೇ ಕಾಲ ಕೈಕೊಟ್ಟ ಉದಾಹರಣೆಗಳಿವೆ. 1997ರ ಆಗಸ್ಟ್‌ನಲ್ಲಿ ಓವನ್ ಹಾರ್ಟ್ ತಲೆಕೆಳಗಾಗಿ ಹಿಡಿದು ಕೂರುವ ಪಟ್ಟು ಹಾಕಿದಾಗ ಸ್ಟೀವ್ ಆಸ್ಟಿನ್‌ನ ಕತ್ತಿಗೆ ಪೆಟ್ಟಾಗಿ, ಕೆಲ ಹೊತ್ತು ಕೈಕಾಲು ಆಡದಾಯಿತು. 1999ರ ಅಕ್ಟೋಬರ್‌ನಲ್ಲಿ ಡ್ಯಾರೆನ್ ಡ್ರೊಜ್ಡಾವ್ ಎಂಬ ಮಲ್ಲ ಒಂದೇ ಒಂದು ಪಟ್ಟು ತಪ್ಪಿದ್ದರಿಂದ ಜೀವನಪೂರ್ತಿ ಗಾಲಿಕುರ್ಚಿಗೆ ಸೇರಿದ. ಇವರಿಬ್ಬರ ಪಕ್ಕದಲ್ಲೂ ನುರಿತ ಎದುರಾಳಿಗಳಿದ್ದರು, ವೈದ್ಯರಿದ್ದರು. ಹಿತ್ತಲಿನಲ್ಲಿ ಯಾರಿರುತ್ತಾರೆ? ಮೆತ್ತಗಿದೆಯೆಂದು ನಂಬುವ ಟ್ರ್ಯಾಂಪೊಲಿನ್ ಕೂಡ ಮನೆಯಲ್ಲಿ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 1999ರಲ್ಲೇ ಹೇಳಿದೆ.

ಹಾಗಾದರೆ ಪತ್ರಿಕೆಗಳು ಹೇಳಿದ್ದೇ ಸರಿಯಾಯಿತಲ್ಲ ಎನ್ನಬಹುದು. ಅಪಾಯವನ್ನು ಹೇಳಿದ್ದು ಸರಿ. ಮುಳ್ಳುತಂತಿಯವನನ್ನೂ ಹಾಸಿಗೆಯವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ತಪ್ಪು. ಹೇಗೆ ಬೀಳಬೇಕು, ಯಾವುದನ್ನು ಮಾಡಲೇಬಾರದು, ಎಲ್ಲಿ ಕಲಿಯಬೇಕು ಎಂಬುದನ್ನು ಹೇಳುವ ಅವಕಾಶ ಅವರಿಗಿತ್ತು. ಅದು ರಕ್ತದ ದೃಶ್ಯಗಳಲ್ಲಿ ಕೊಚ್ಚಿಹೋಯಿತು.

ಗರಡಿ ಹೇಳುವ ಮಾತು

ಈ ವಿಷಯದಲ್ಲಿ ನಮಗೆ ಪಾಠ ಹೇಳಲು ಅಮೆರಿಕವೇ ಬೇಕಿಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಹುಡುಗ ಮೊದಲು ಮಣ್ಣು ಅಗೆದು ಹದ ಮಾಡುತ್ತಾನೆ, ದಂಡ ಬಸ್ಕಿ ಹೊಡೆಯುತ್ತಾನೆ. ಉಸ್ತಾದರ ಕಣ್ಣ ಮುಂದೆಯೇ ಪಟ್ಟು ಕಲಿಯುತ್ತಾನೆ. ದಸರಾ ಕುಸ್ತಿಗೆ ಮುಂಚೆ ಹಿರಿಯರು ಕುಳಿತು, ಸಮಬಲರನ್ನು ನೋಡಿ ಜೋಡಿ ಕಟ್ಟುತ್ತಾರೆ. ನಮ್ಮ ನಾಡಕುಸ್ತಿ ಬೇರೆ, ಟೀವಿ ಕುಸ್ತಿ ಬೇರೆ. ಅಲ್ಲಿ ಸೋಲು ಗೆಲುವು ನಿಜ. ಆದರೆ ಮೆತ್ತನೆಯ ನೆಲ, ಸಮನಾದ ಜೋಡಿ, ಹಿರಿಯರ ಕಣ್ಣು ಎಂಬ ಮೂರು ಮಾತು ಎರಡಕ್ಕೂ ಒಂದೇ.

ವಿದ್ಯಾರ್ಥಿ ಮಿತ್ರರೇ, ಟೀವಿಯಲ್ಲಿ ಕಂಡ ಪಟ್ಟನ್ನು ಗೆಳೆಯನ ಮೇಲೆ ಪ್ರಯೋಗಿಸುವ ಮುನ್ನ ಅವನ ಕತ್ತು ನಿಮ್ಮ ಕೈಯಲ್ಲಿದೆ ಎಂಬುದನ್ನು ನೆನೆಯಿರಿ. ಎತ್ತರದಿಂದ ಜಿಗಿಯುವುದು, ತಲೆಕೆಳಗು ಮಾಡುವುದು, ಕುರ್ಚಿ ದೊಣ್ಣೆ ಎತ್ತುವುದು ಬೇಡವೇ ಬೇಡ. ನಿಮಗಿಂತ ಚಿಕ್ಕವರ ಮೇಲೆ ಪಟ್ಟು ಹಾಕುವುದಂತೂ ಆಟವೇ ಅಲ್ಲ. ಕುಸ್ತಿಯಲ್ಲಿ ನಿಜವಾದ ಆಸೆಯಿದ್ದರೆ ಗರಡಿಗೋ, ಕುಸ್ತಿ ಕಲಿಸುವ ಕ್ರೀಡಾಶಾಲೆಗೋ ಹೋಗಿ ಹೆಸರು ಬರೆಸಿ.

ಪಾಲಕರೇ, ಮಗ ಹಾಸಿಗೆ ಎಳೆದು ಹಾಕಿಕೊಂಡು ಕುಸ್ತಿ ಆಡುತ್ತಿದ್ದರೆ ಟೀವಿಯ ತಂತಿ ಕಿತ್ತುಹಾಕುವ ಮೊದಲು ಅರ್ಧ ಗಂಟೆ ಅಲ್ಲೇ ಕುಳಿತು ನೋಡಿ. ಯಾರ ಜತೆ ಆಡುತ್ತಾನೆ, ‘ಸಾಕು’ ಎಂದಾಗ ನಿಲ್ಲಿಸುತ್ತಾನೆಯೇ, ಬಿದ್ದವನನ್ನು ಕೈಹಿಡಿದು ಎಬ್ಬಿಸುತ್ತಾನೆಯೇ? ಇಷ್ಟು ತಿಳಿದರೆ ಯಾವುದಕ್ಕೆ ಹೂಂ ಎನ್ನಬೇಕು, ಯಾವುದಕ್ಕೆ ಊಹೂಂ ಎನ್ನಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ. ಗದರಿಸಿ ಓಡಿಸಿದರೆ ಆಟ ನಿಲ್ಲುವುದಿಲ್ಲ. ಹಿತ್ತಲಿನಿಂದ ಯಾರೂ ಕಾಣದ ತಾರಸಿಗೆ ಹೋಗುತ್ತದೆ. ಅಲ್ಲಿ ಹಾಸಿಗೆಯೂ ಇರುವುದಿಲ್ಲ, ನೀವೂ ಇರುವುದಿಲ್ಲ.