ಹಳೆ ಕಾರ್ಖಾನೆಯ ಜಾಗದಲ್ಲಿ ಮನೆ: ಮಣ್ಣಿನ ಪರೀಕ್ಷೆಯ ಖರ್ಚು ಯಾರದು?

ಮುಂಬಯಿಯ ಪವಾಯಿ, ಸಾಕಿ ವಿಹಾರ್ ರಸ್ತೆ, ಚಾಂದಿವಲಿ, ಸಾಕಿನಾಕಾ ಕಡೆ ಹಳೆ ಕಾರ್ಖಾನೆಗಳೂ ಗಾಲಾಗಳೂ, ಅಂದರೆ ಸಣ್ಣ ಕೈಗಾರಿಕಾ ಘಟಕಗಳೂ, ಮುಚ್ಚಿ, ಅಲ್ಲಿ ವಸತಿ ಕಟ್ಟಡಗಳು ಏಳುತ್ತಿವೆ. ನಮ್ಮವರು ಅನೇಕರು ಜೀವಮಾನದ ಉಳಿತಾಯವನ್ನು ಇಂಥ ಫ್ಲ್ಯಾಟುಗಳಿಗೆ ಹಾಕುತ್ತಿದ್ದಾರೆ. ಕಾರ್ಖಾನೆ ಇದ್ದ ಮಾತ್ರಕ್ಕೆ ನೆಲ ಕೆಟ್ಟಿದೆ ಎಂದಲ್ಲ. ಆದರೆ ಪರೀಕ್ಷೆ ಮಾಡದೆ ಕೆಟ್ಟಿಲ್ಲ ಎಂದೂ ಹೇಳಲಾಗದು.

ಕಲುಷಿತ ನೆಲ ಎಂದರೇನು?

ವಿಷಕಾರಿ ರಾಸಾಯನಿಕ ಸೋರಿ, ಮಣ್ಣು ಅಥವಾ ಅಂತರ್ಜಲಕ್ಕೆ ಇಳಿದ ಜಾಗವಿದು. ಲೋಹಕ್ಕೆ ಹೊಳಪಿನ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಗಾಲಾದಲ್ಲಿ ಕ್ರೋಮಿಯಂ, ಬ್ಯಾಟರಿ ಕೆಲಸವಿದ್ದಲ್ಲಿ ಸೀಸ, ಎಣ್ಣೆ ಟ್ಯಾಂಕ್ ಹೂತಿದ್ದಲ್ಲಿ ಬೆಂಜೀನ್ ಉಳಿದಿರಬಹುದು. ಶೆಡ್ ಕೆಡವಿದ ಕೂಡಲೇ ಇವು ಹೋಗುವುದಿಲ್ಲ.

ಪರೀಕ್ಷೆ ಹೇಗೆ?

ಎರಡು ಹಂತ. ಮೊದಲು ಕಡತ ನೋಡುತ್ತಾರೆ: ಅಲ್ಲಿ ಏನು ತಯಾರಾಗುತ್ತಿತ್ತು, ತ್ಯಾಜ್ಯ ಎಲ್ಲಿಗೆ ಹೋಗುತ್ತಿತ್ತು, ಟ್ಯಾಂಕುಗಳು ಎಲ್ಲಿದ್ದವು. ಅನುಮಾನ ಬಂದರೆ ಎರಡನೇ ಹಂತ. ನೆಲ ಕೊರೆದು ಬೇರೆ ಬೇರೆ ಆಳದ ಮಣ್ಣನ್ನು ತೆಗೆಯುತ್ತಾರೆ. ಪ್ರತಿ ಶೀಶೆಯ ಮೇಲೂ ಜಾಗ, ಆಳ, ದಿನಾಂಕ ಬರೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬೋರ್‌ವೆಲ್ ನೀರನ್ನೂ ಪರೀಕ್ಷಿಸುತ್ತಾರೆ.

ಹಣ ಯಾರು ಕೊಡುತ್ತಾರೆ?

ಜಾಗ ಅಭಿವೃದ್ಧಿ ಮಾಡುವ ಬಿಲ್ಡರ್ ತಮ್ಮ ಯೋಜನೆಗೆ ಮಾಡಿಸುವ ಪರೀಕ್ಷೆಯ ಖರ್ಚು ಅವರದೇ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಹೆಚ್ಚಾದರೆ ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು; ಅದನ್ನು ಪಡೆಯುವುದೂ ಬಿಲ್ಡರ್ ಹೊಣೆಯೇ.

ಸರ್ಕಾರದ ಪಾತ್ರ ಎಲ್ಲಿ? ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮ ಹೊರಡಿಸಿತು. ಅದರಂತೆ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ತಾನಾಗಿಯೋ, ಜನರ ದೂರಿನ ಮೇಲೋ ಶಂಕಿತ ಜಾಗಗಳನ್ನು ಆರು ತಿಂಗಳಿಗೊಮ್ಮೆ ಪಟ್ಟಿ ಮಾಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅಥವಾ ಅದು ಒಪ್ಪಿಸಿದ ತಜ್ಞ ಸಂಸ್ಥೆ 90 ದಿನಗಳಲ್ಲಿ ಪ್ರಾಥಮಿಕ ತಪಾಸಣೆ ಮಾಡಬೇಕು. ಅಗತ್ಯವಿದ್ದರೆ ಮುಂದಿನ 3 ತಿಂಗಳಲ್ಲಿ ವಿವರವಾದ ಪರೀಕ್ಷೆ.

ನೆಲ ಕೆಟ್ಟಿದ್ದು ಖಚಿತವಾದರೆ, ಕೆಡಿಸಿದವರೇ ಶುದ್ಧಿಯ ಖರ್ಚು ಕೊಡಬೇಕು. ಅವರು ಸಿಗದಿದ್ದರೆ ಅಥವಾ ಅವರಿಗೆ ಶಕ್ತಿಯಿಲ್ಲದಿದ್ದರೆ ಕೇಂದ್ರ, ರಾಜ್ಯ ಸರ್ಕಾರಗಳು ಹಣ ಹೊಂದಿಸಬೇಕು. ವಿಕಿರಣ ತ್ಯಾಜ್ಯ, ಗಣಿಗಾರಿಕೆ, ಸಮುದ್ರದ ಎಣ್ಣೆ ಮಾಲಿನ್ಯ, ಕಸದ ಡಂಪಿಂಗ್ ಜಾಗಗಳು ಈ ನಿಯಮಕ್ಕೆ ಬರುವುದಿಲ್ಲ.

ಅಮೆರಿಕದಲ್ಲಿ ಪದ್ಧತಿ ಬೇರೆ. 1995ರಲ್ಲಿ ಶುರುವಾದ ಬ್ರೌನ್‌ಫೀಲ್ಡ್ಸ್ ಕಾರ್ಯಕ್ರಮದಲ್ಲಿ, ಅಂದರೆ ಹಳೆ ಕೈಗಾರಿಕಾ ಜಾಗಗಳ ಮರುಬಳಕೆ ಯೋಜನೆಯಲ್ಲಿ, ಪರೀಕ್ಷೆಗೆಂದೇ ನಗರಸಭೆಗಳಿಗೆ ಅನುದಾನ ಸಿಗುತ್ತದೆ. ಕಟ್ಟುವ ಮೊದಲೇ ನೆಲದ ಸ್ಥಿತಿ ತಿಳಿಯುತ್ತದೆ. ನಮ್ಮ ನಗರಪಾಲಿಕೆಗಳಿಗೂ ಇಂಥ ನಿಧಿ ಬೇಕೇ ಬೇಕು.

ನೀವು ಏನು ಮಾಡಬಹುದು?

ಬುಕಿಂಗ್ ಹಣ ಕೊಡುವ ಮೊದಲು ಮಹಾರೇರಾ, ಅಂದರೆ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಜಾಲತಾಣದಲ್ಲಿ ಯೋಜನೆಯ ದಾಖಲೆ ನೋಡಿ. ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ಪರಿಸರ ಅನುಮತಿ ಪತ್ರ ಹುಡುಕಿ. ಮಣ್ಣಿನ ವರದಿ ಕೊಡಿ ಎಂದು ಬಿಲ್ಡರನ್ನು ಬರಹದಲ್ಲಿ ಕೇಳಿ. ಎನ್‌ಎಬಿಎಲ್ ಮಾನ್ಯತೆ ಇರುವ, ಅಂದರೆ ಗುಣಮಟ್ಟ ಪರಿಶೀಲಿಸಿ ಒಪ್ಪಿದ, ಪ್ರಯೋಗಾಲಯದ ವರದಿಯೇ ಆಗಿರಲಿ. ನೆಲ ಕಟ್ಟಡದ ಭಾರ ತಡೆಯುತ್ತದೆಯೇ ಎಂದು ನೋಡುವ ಮಣ್ಣಿನ ಪರೀಕ್ಷೆ ಬೇರೆ, ರಾಸಾಯನಿಕ ಪರೀಕ್ಷೆ ಬೇರೆ. ಮೊದಲನೆಯದನ್ನು ತೋರಿಸಿದರೆ ಸಾಲದು.

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ. ಅದರ ಕಚೇರಿ ಸಾಯನ್‌ನಲ್ಲಿದೆ. 30 ದಿನಗಳಲ್ಲಿ ಉತ್ತರ ಬರಬೇಕು. ಅನುಮಾನ ಗಟ್ಟಿಯಾಗಿದ್ದರೆ ಮುಂಬಯಿ ಉಪನಗರ ಜಿಲ್ಲಾಧಿಕಾರಿಗಳ ಬಾಂದ್ರಾ ಕಚೇರಿಗೆ ಲಿಖಿತ ದೂರು ಕೊಡಿ. ಹಳೆ ಕಾರ್ಖಾನೆಯ ಹೆಸರು, ಜಾಗ, ಫೋಟೊ ಲಗತ್ತಿಸಿ. ಸ್ವೀಕೃತಿ ಪಡೆಯಲು ಮರೆಯಬೇಡಿ.

ಸಾಧ್ಯವಾದರೆ ಒಬ್ಬರೇ ಹೋಗಬೇಡಿ, ಸೊಸೈಟಿಯ ಹೆಸರಿನಲ್ಲಿ ಹೋಗಿ. ತಪಾಸಣೆ ಸರ್ಕಾರದ ಕರ್ತವ್ಯವಾದರೂ ಅದನ್ನು ಚಾಲನೆಗೆ ತರುವುದು ನಿಮ್ಮ ಒಂದು ಅರ್ಜಿ.