ಫ್ಲಾಪಿಯಲ್ಲಿ ಉಳಿದ ಕನ್ನಡ ಮತ್ತು ಅದರ ಪ್ರತಿ ಮಾಡುವ ಕ್ರಮ

ತಾಡೋಲೆಯ ಕಟ್ಟನ್ನು ಬಿಚ್ಚಿದವನಿಗೆ, ಗರಿಯ ಅಂಚು ಉದುರಿದ್ದರೂ ಉಳಿದ ಅಕ್ಷರವಾದರೂ ಕಣ್ಣಿಗೆ ಕಾಣುವುದು. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಕಟ್ಟುಗಳನ್ನು ಸಂಗ್ರಹಿಸಿ ವಚನಗಳನ್ನು ಬೆಳಕಿಗೆ ತರಲು ಸಾಧ್ಯವಾದುದು ಇದರಿಂದಲೇ. ಫ್ಲಾಪಿಯ ಸಂಗತಿ ಹಾಗಲ್ಲ. ಕಬ್ಬಿಣದ ಆಕ್ಸೈಡನ್ನು ಲೇಪಿಸಿದ ತೆಳುವಾದ ಪ್ಲಾಸ್ಟಿಕ್ ತಟ್ಟೆಯ ಮೇಲೆ ಕಾಂತಶಕ್ತಿಯ ಗುರುತುಗಳಷ್ಟೇ ಇರುವುವು. ಓದುವ ಯಂತ್ರವೂ, ಆ ಗುರುತುಗಳನ್ನು ಅಕ್ಷರವಾಗಿಸುವ ತಂತ್ರಾಂಶವೂ ಇಲ್ಲದಿದ್ದರೆ ಅದು ಮೂಕವಸ್ತು.

ತಂತ್ರಾಂಶದ ಮಾತು ಕನ್ನಡಕ್ಕೆ ವಿಶೇಷವಾಗಿ ಅನ್ವಯಿಸುವುದು. ಯುನಿಕೋಡ್ ಸಂಕೇತಪದ್ಧತಿಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬಂದುದು ಬಹಳ ತಡವಾಗಿ. ಕೆ. ಪಿ. ರಾವ್ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ರಚಿಸಿದ ‘ಸೇಡಿಯಾಪು’, ಅನಂತರದ ಶ್ರೀಲಿಪಿ, ಪ್ರಕಾಶಕ ಮೊದಲಾದವು ಯುನಿಕೋಡಿಗಿಂತ ಹಿಂದಿನ ಪದ್ಧತಿಯವು. ಜಿಸ್ಟ್ ಎಂಬುದಕ್ಕಂತೂ ಗಣಕದೊಳಗೆ ಒಂದು ಕಾರ್ಡನ್ನೇ ಕೂಡಿಸಬೇಕಾಗಿತ್ತು. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೋರುವುದುಂಟು. ಆದುದರಿಂದ ಬರಹದ ಫ್ಲಾಪಿಯನ್ನು ಇಟ್ಟುಕೊಂಡು ತಂತ್ರಾಂಶದ ಫ್ಲಾಪಿಯನ್ನು ಎಸೆಯುವುದು, ಶಾಸನವನ್ನು ಕಾಯ್ದಿಟ್ಟು ಲಿಪಿಯನ್ನು ಮರೆತಂತೆ.

ಪ್ರತಿ ಮಾಡುವವನು ಮೊದಲು ಫ್ಲಾಪಿಯ ಮೇಲೆ ಹೊಸ ಬರಹ ಬೀಳದಂತೆ ತಡೆಯಬೇಕು. 5¼ ಅಂಗುಲದ್ದಾದರೆ ಅಂಚಿನ ಕಚ್ಚನ್ನು ಪಟ್ಟಿಯಿಂದ ಮುಚ್ಚುವುದು. 3½ ಅಂಗುಲದ್ದಾದರೆ ಮೂಲೆಯ ಕಿಂಡಿಯನ್ನು ತೆರೆಯುವುದು. (ಇದನ್ನು ತಿರುವುಮುರುವು ಮಾಡಿ ಕೆಡಿಸಿಕೊಂಡವರುಂಟು.) ತಟ್ಟೆಯ ಮೇಲೆ ಬೂಷ್ಟು ಕಂಡರೆ ಹಾಗೆಯೇ ಯಂತ್ರಕ್ಕೆ ಹಾಕಲಾಗದು. ಓದುವ ತಲೆಯು ತಟ್ಟೆಗೆ ತಾಗಿಯೇ ಇರುವುದರಿಂದ ಲೇಪವೇ ಕೆರೆದುಹೋಗುವುದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ ಒಣಗಿಸಬೇಕು. ಚಿಕ್ಕ ಫ್ಲಾಪಿಗೆ ಯುಎಸ್‌ಬಿ ಡ್ರೈವ್ ಸಾಕು. ದೊಡ್ಡದಕ್ಕೆ ಹಳೆಯ ಡ್ರೈವನ್ನೇ ಹುಡುಕಿ, ಗ್ರೀಸ್‌ವೀಜಲ್ ಎಂಬ ಪುಟ್ಟ ಫಲಕದ ಮೂಲಕ ಇಂದಿನ ಗಣಕಕ್ಕೆ ಜೋಡಿಸುವರು.

ಮುಖ್ಯವಾದ ಮಾತೆಂದರೆ, ಬೇಕೆನಿಸಿದ ಕಡತಗಳನ್ನಷ್ಟೇ ಆರಿಸಿಕೊಳ್ಳದೆ ಇಡೀ ತಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕಡತವಾಗಿ ಇಳಿಸಿಕೊಳ್ಳಬೇಕು. ಇದಕ್ಕೆ ಇಮೇಜ್ ಎಂದು ಹೆಸರು. ಗ್ರಂಥಸಂಪಾದನೆಯಲ್ಲಿ ಓಲೆಯನ್ನು ತಿದ್ದದೆ ಇದ್ದಂತೆಯೇ ಪ್ರತಿ ಮಾಡಿಕೊಂಡು, ಪಾಠನಿರ್ಣಯವನ್ನು ಬೇರೆಯಾಗಿ ಮಾಡುವೆವಲ್ಲವೆ? ಹಾಗೆ ಪಡೆದ ಡಾಸ್ ಕಾಲದ ತಂತ್ರಾಂಶವನ್ನು ಡಾಸ್‌ಬಾಕ್ಸ್ ಎಂಬುದರೊಳಗೆ ಇಂದಿಗೂ ನಡೆಸಬಹುದು. ಹಿಂಬದಿಗೆ ಸಿಕ್ಕಿಸುವ ಬೀಗ ಅಥವಾ ಕಾರ್ಡನ್ನು ಬೇಡುವ ತಂತ್ರಾಂಶಗಳು ಮಾತ್ರ ಇಷ್ಟಕ್ಕೆ ಒಲಿಯವು.

ಇಷ್ಟನ್ನು ಕಲಿಯಬೇಕಾದುದು ಸ್ವಂತ ಅಗತ್ಯದಿಂದ. ಶೂನ್ಯಸಂಪಾದನೆಯ ಮೇಲೆ ಬರೆದ ಟಿಪ್ಪಣಿಗಳನ್ನು 1994ರಲ್ಲಿ ಅಕ್ಷರಜೋಡಣೆ ಮಾಡಿಸಿದ್ದೆನು. ಕೈಬರಹವು ಬೈರಮಂಗಲದ ಮನೆಯಲ್ಲಿ ಗೆದ್ದಲಿಗೆ ಆಹಾರವಾಯಿತು. ಉಳಿದುದು 360 ಕೆಬಿಯ ಎರಡು ಫ್ಲಾಪಿಗಳು, ಪುಣ್ಯವಶಾತ್ ಅದೇ ಡಬ್ಬದಲ್ಲಿ ತಂತ್ರಾಂಶದ್ದೂ ಒಂದು. ಮೊದಲನೆಯದು ಪೂರ್ಣವಾಗಿ ಬಂದಿತು. ಎರಡನೆಯದರ 720 ಖಂಡಗಳಲ್ಲಿ 11 ಎಷ್ಟು ಸಲ ಓದಿಸಿದರೂ ಬರಲಿಲ್ಲ. ಒಂದು ಖಂಡಕ್ಕೆ 512 ಬೈಟುಗಳು. ಮುಕ್ತಾಯಕ್ಕಗಳ ಸಂಪಾದನೆಯ ಭಾಗದಲ್ಲಿಯೇ ಆ ಲೋಪ ಬಿದ್ದಿದೆ. ನನ್ನ ಮಾತೇ ಆದರೂ ಮೂವತ್ತು ವರ್ಷಗಳ ಮೇಲೆ ಅದನ್ನು ಊಹಿಸಿ ತುಂಬಲು ಮನಸ್ಸೊಪ್ಪದೆ, ಮುರಿದ ಗರಿಗೆ ಮಾಡುವಂತೆ ಚುಕ್ಕೆಗಳನ್ನಿಟ್ಟು ಬಿಟ್ಟಿದ್ದೇನೆ.