ಹೊನ್ನೆ ಮರ ಮತ್ತು ಮಧುಮೇಹಿಯ ಲೋಟ

ಕಳೆದ ಬೇಸಗೆಯಲ್ಲಿ ಹರವೆ ಸೀಮೆಯ ರೈತರೊಬ್ಬರು ಕಾಲಿನ ಹುಣ್ಣನ್ನು ತೋರಿಸಲು ನಮ್ಮಲ್ಲಿಗೆ ಬಂದಿದ್ದರು. ಹಲವು ವರ್ಷಗಳ ಮಧುಮೇಹ. ಆದರೂ ಮೂರು ತಿಂಗಳಿಂದ ಮಾತ್ರೆ ನಿಲ್ಲಿಸಿದ್ದರು. ಕಾರಣ ಕೇಳಲಾಗಿ, ಜಾತ್ರೆಯಲ್ಲಿ ಕೊಂಡ ಹೊನ್ನೆ ಮರದ ಲೋಟವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. “ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡೀತಾ ಇವ್ನಿ ಡಾಕ್ಟ್ರೇ, ಇನ್ನ ಮಾತ್ರೆ ಯಾಕೆ?” ಎಂದರು. ನೀರಿಗೆ ಬಣ್ಣ ಬರುತ್ತಿದೆಯೇ ಎಂದು ವಿಚಾರಿಸಿದೆವು. ಮೊದಮೊದಲು ಬರುತ್ತಿತ್ತಂತೆ, ಈಗ ಇಲ್ಲ.

ಹೊನ್ನೆಯು ಬೇಸಗೆಯಲ್ಲಿ ಎಲೆಯುದುರಿಸುವ ದೊಡ್ಡ ಮರ. ಹರವೆಯ ಸುತ್ತಲಿನ ಒಣ ಹೊಲಗಳಲ್ಲಿ ಇದು ವಿರಳ. ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ಎಲೆಯುದುರುವ ಕಾಡುಗಳಲ್ಲಿ ತೇಗ, ಬೀಟೆಗಳ ಜೊತೆಗೆ ಕಾಣಸಿಗುತ್ತದೆ. ಸಸ್ಯಶಾಸ್ತ್ರದ ಹೆಸರು ಟೆರೋಕಾರ್ಪಸ್ ಮಾರ್ಸೂಪಿಯಂ. ಮೊದಲ ಪದಕ್ಕೆ ರೆಕ್ಕೆಯ ಕಾಯಿ ಎಂದರ್ಥ. ದುಂಡಗಿನ ಚಪ್ಪಟೆ ಕಾಯಿಯ ಸುತ್ತ ತೆಳುವಾದ ಅಂಚಿರುವುದನ್ನು ಕಂಡವರಿಗೆ ಆ ಹೆಸರು ಒಡನೆ ಒಪ್ಪುತ್ತದೆ. ಹೂ ಹಳದಿ, ಪರಿಮಳಯುಕ್ತ. ಕರಾವಳಿಯವರು ಎಣ್ಣೆ ತೆಗೆಯುವ ಹೊನ್ನೆ ಬೇರೆಯೇ ಮರ, ಗೊಂದಲ ಬೇಡ.

ತೊಗಟೆಗೆ ಕಚ್ಚು ಬಿದ್ದರೆ ನೆತ್ತರಿನಂತಹ ರಸ ಜಿನುಗಿ, ಒಣಗಿ ಕಪ್ಪುಗೆಂಪು ಹರಳಾಗುತ್ತದೆ. ಇದನ್ನು ರಾಳವೆನ್ನುವವರುಂಟು. ಆದರೆ ಇದು ಧೂಪದಂತೆ ಉರಿದು ಪರಿಮಳ ಬೀರುವ ವಸ್ತುವಲ್ಲ. ಟ್ಯಾನಿನ್ ತುಂಬಿದ ಒಗರು ಅಂಟು. ಕೀನೋ ಎಂಬ ಹೆಸರಿನಿಂದ ಮಲಬಾರಿನಿಂದ ಯುರೋಪಿಗೆ ಹೋಗುತ್ತಿದ್ದ ಈ ಅಂಟನ್ನು ಅಲ್ಲಿನ ವೈದ್ಯರು ಅತಿಸಾರಕ್ಕೆ ಕೊಡುತ್ತಿದ್ದರು.

ಆಯುರ್ವೇದವು ಹೆಚ್ಚು ಆದರಿಸಿರುವುದು ಮರದ ತಿರುಳನ್ನು. ಅಸನ, ಬೀಜಕ, ಪೀತಸಾರ ಎಂಬವು ಇದರ ಹೆಸರುಗಳು. ವಾಗ್ಭಟನು ಅಸನಾದಿ ಗಣದ ಮೊದಲಿಗೆ ಇದನ್ನಿರಿಸಿ, ಪ್ರಮೇಹ, ಮೇದೋದೋಷ, ಕುಷ್ಠಗಳಿಗೆ ಆ ಗಣವನ್ನು ವಿಧಿಸಿದ್ದಾನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಹೊಸದಾಗಿ ಪತ್ತೆಯಾದ ಅಥವಾ ಚಿಕಿತ್ಸೆ ಪಡೆಯದಿದ್ದ 97 ಮಧುಮೇಹಿಗಳಲ್ಲಿ 67 ಮಂದಿಯ ಸಕ್ಕರೆ 12 ವಾರಗಳಲ್ಲಿ ಹತೋಟಿಗೆ ಬಂದಿತ್ತು. ಬಹುಪಾಲು ಜನರಿಗೆ ದಿನಕ್ಕೆ 2 ಗ್ರಾಂ ಸತ್ವ ಸಾಕಾಯಿತು. ಮೆಚ್ಚತಕ್ಕ ಫಲವೇ. ಆದರೆ ಅವರಿಗೆ ಕೊಟ್ಟದ್ದು ಅಳತೆಯುಳ್ಳ ಸತ್ವ, ಲೋಟದ ನೀರಲ್ಲ. ರೋಗಿಗಳು ಹೊಸಬರು, ನಮ್ಮ ರೈತರಂತೆ ಹಳಬರಲ್ಲ.

ಲೋಟದಿಂದ ಎಷ್ಟು ಸತ್ವ ನೀರಿಗಿಳಿಯಿತೆಂದು ಹೇಳಬಲ್ಲವರಿಲ್ಲ. ಒಳ್ಳೆಯ ತಿರುಳಿನ ನೀರು ಕಂದು ಹಳದಿಗೆ ತಿರುಗುತ್ತದೆ, ಬಿಸಿಲಿಗೆ ಹಿಡಿದರೆ ನೀಲಿ ಹೊಳಪೂ ಕಾಣುತ್ತದೆ. ಬಣ್ಣ ಬಿಡುವುದು ನಿಂತ ಮೇಲೆ ಅದು ಬರಿಯ ಮರದ ಲೋಟ. ಬಣ್ಣ ಬಂದರೂ ವೈದ್ಯರು ಬರೆದ ಮಾತ್ರೆ, ಇನ್ಸುಲಿನ್‌ಗಳನ್ನು ನಿಲ್ಲಿಸಬಾರದು. ಎರಡನ್ನೂ ಸೇವಿಸುವವರು ಸಕ್ಕರೆ ಅತಿಯಾಗಿ ಇಳಿಯದಂತೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕು, ತಮ್ಮ ವೈದ್ಯರಿಗೆ ಮರೆಮಾಚದೆ ತಿಳಿಸಬೇಕು.

ಕಾಡಿನ ಮರದ ತೊಗಟೆ ಸುಲಿಯಲು ಹೊರಡುವವರಿಗೂ ಒಂದು ಮಾತು. ಸುತ್ತಲೂ ಸುಲಿದ ಮರ ಒಣಗಿ ಸಾಯುತ್ತದೆ, ಕಾಯಿಯ ಗಡಸು ಹೊದಿಕೆಯಿಂದಾಗಿ ಸಸಿಯೂ ಸುಲಭವಾಗಿ ಏಳುವುದಿಲ್ಲ.

ರೈತರ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಮಾತ್ರೆ ಮತ್ತೆ ಆರಂಭವಾಗಿದೆ. ಲೋಟವನ್ನು ಅವರು ನಮ್ಮಲ್ಲಿಯೇ ಬಿಟ್ಟುಹೋದರು. ಈಗ ಅದರಲ್ಲಿ ನಮ್ಮ ಲೇಖನಿಗಳಿವೆ.